ಬೆಳಗಿನ ರೊಟ್ಟಿ

ನಮ್ಮ ಅಣ್ಣತಮ್ಮಂದಿರಿಬ್ಬರಿಗೂ ಸಿಟ್ಟು ಮೂಗಿನ ತುದೀಲೇ ಇರುತ್ತೆ, ಬುದ್ಧಿ ಮಾತ್ರ ಎಲ್ಲೋ ಮೊಣಕಾಲಿನ ಹತ್ರ ಅಂತ ನನ್ನ ಹೆಂಡತಿ ಹೇಳ್ತಾಳೆ. ಹೇಳ್ಕೊಳ್ಳಲಿ ಬಿಡಿ. ನನ್ನ ಜಾಗದಲ್ಲಿ ನಿಂತು ನೋಡಿದ್ರೆ ಗೊತ್ತಾಗ್ತಿತ್ತು.

ನಾನು ಬೇಕರಿಯವನು. ಅಣ್ಣ ಟೈಲರ್, ಹಿಂದಿನ ಬೀದೀಲೇ ಅಂಗಡಿ. ಅಮ್ಮನ್ನ ಮಣ್ಣು ಮಾಡಿದ ದಿನ ಅವನು ಶವಪೆಟ್ಟಿಗೆ ಪಕ್ಕದಲ್ಲಿ ನಿಂತು, ಬಂದವರೆಲ್ಲರ ಎದುರಿಗೆ ಅಂದ: “ಅಮ್ಮ ನರಳ್ತಿದ್ದಾಗ ನೀನು ಹಿಟ್ಟು ನಾದ್ಕೊಂಡು ನಿಂತಿದ್ದೆ.” ದಿನಾ ಮಧ್ಯಾಹ್ನ ಅಂಗಡಿ ಬಾಗಿಲೆಳೆದು ಹೋಗಿ ಅಮ್ಮನಿಗೆ ತುತ್ತು ತಿನ್ನಿಸಿ ಬರ್ತಿದ್ದವನು ನಾನು. ಅವತ್ತಿನಿಂದ ನಮಗೆ ಮಾತಿರಲಿಲ್ಲ ಕತೆಯಿರಲಿಲ್ಲ.

ಸುಮ್ಮನೆ ಕೂತಿದ್ದೆ ಅಂದ್ಕೋಬೇಡಿ. ಒಂದು ಸಲ ಹಳೇ ಅಂಗಿಯ ನೆಪ ಮಾಡ್ಕೊಂಡು ಅವನ ಅಂಗಡಿಗೆ ಹೋದೆ. ತಲೆ ಎತ್ತದೆ ಮಿಷನ್ ತುಳೀತಾನೇ ಇದ್ದ. ಸೂಜಿ ಕೆಳಗೆ ಬಟ್ಟೆ ಮುಗಿದು ಹೋಗಿತ್ತು, ಆದ್ರೂ ತುಳೀತಿದ್ದ. ನಾನು ಬಂದ ದಾರಿ ಹಿಡಿದೆ.

ಅಮ್ಮನದೊಂದು ಕಟ್ಟುನಿಟ್ಟಿತ್ತು. ನಾವು ಜಗಳ ಆಡಿದ ವಾರ ಚರ್ಚಲ್ಲಿ ಪ್ರಭುವಿನ ಮೇಜಿನ ಹತ್ರ ಹೋಗಿ ಪಾದ್ರಿಗಳು ಮುರಿದು ಕೊಡೋ ರೊಟ್ಟಿ ತಗೊಳ್ಳೋ ಹಾಗಿರಲಿಲ್ಲ. ಒಡಹುಟ್ಟಿದವನ ಮುಖ ನೋಡದೆ ಅಲ್ಲಿ ಹೋಗಿ ಕೈ ಚಾಚೋದಾ, ಮೊದಲು ರಾಜಿ ಆಗಿ, ಆಮೇಲೆ ರೊಟ್ಟಿ ಅನ್ನೋಳು. ಹಾಗಾಗಿ ಅಮ್ಮ ಹೋದಮೇಲೆ ನಾನು ಆ ರೊಟ್ಟಿ ತಿಂದಿರಲಿಲ್ಲ. ಎಲ್ಲರೂ ಎದ್ದು ಸಾಲಲ್ಲಿ ಹೋಗ್ತಿದ್ರು, ನಾನು ಬೆಂಚಿಗೆ ಅಂಟ್ಕೊಂಡು ಕೂತಿರ್ತಿದ್ದೆ. ಪಾದ್ರಿಗಳು ಮನೆವರೆಗೂ ಬಂದು ಹೇಳಿ ನೋಡಿದರು. ಕಡೆಗೆ ಅವರೂ ಕೈಬಿಟ್ಟರು.

ತಮಾಷೆ ಏನು ಗೊತ್ತಾ, ಆ ರೊಟ್ಟಿ ಮಾಡೋನೇ ನಾನು. ಶನಿವಾರ ಒಲೆ ಸ್ವಲ್ಪ ತಣಿದ ಮೇಲೆ ಎರಡು ರೊಟ್ಟಿ ಒಳಗೆ ಹೋಗ್ತವೆ. ಒಂದು ಬೆಳಗಿನ ಆರಾಧನೆಗೆ, ಒಂದು ಸಂಜೆಯದಕ್ಕೆ. ನಾನು ಹೋಗೋದು ಸಂಜೆ, ಅಣ್ಣ ಹೋಗೋದು ಬೆಳಿಗ್ಗೆ. ಸಂಜೆಯದನ್ನ ಎಲ್ಲ ರೊಟ್ಟಿ ಹಾಗೇ ಮಾಡ್ತೀನಿ. ಬೆಳಗಿನದರ ಹಿಟ್ಟನ್ನ ಮಾತ್ರ ಇನ್ನೊಂದು ಸಲ ನಾದಿ, ಒದ್ದೆ ಬಟ್ಟೆ ಮುಚ್ಚಿ, ಇನ್ನಷ್ಟು ಹೊತ್ತು ಉಬ್ಬೋಕೆ ಬಿಡ್ತೀನಿ. ಅಣ್ಣನಿಗೆ ಹಲ್ಲು ಸರಿಯಿಲ್ಲ, ಗಟ್ಟಿ ರೊಟ್ಟಿ ಅಗಿಯೋಕಾಗಲ್ಲ.

ಒಳಗೊಳಗೇ ಬೈತಿದ್ದೆ ಕೂಡ. ‘ನನ್ನ ಹೊಟ್ಟೆ ಉರಿಸಿ, ತಾನು ಮಾತ್ರ ಹಾಯಾಗಿ ಮೇಜಿನ ಹತ್ರ ಹೋಗಿ ಬರ್ತಾನೆ ಮಹಾಶಯ’ ಅಂತ. ಆದ್ರೂ ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಕೇಳಿದ್ರೆ ಕೈಯಲ್ಲಿದ್ದ ಕೆಲಸ ನಿಂತು ಹೋಗೋದು. ಈಗ ಎದ್ದಿರ್ತಾನೆ, ಈಗ ಕೈ ಚಾಚಿರ್ತಾನೆ, ಈಗ ಬಾಯಿಗೆ ಹಾಕ್ಕೊಂಡಿರ್ತಾನೆ. ನನ್ನ ಕೈಯಿಂದ ಅವನಿಗೆ ಮುಟ್ಟೋದು ಅದೊಂದೇ ತುಣುಕು. ಅಷ್ಟಾದ್ರೂ ಮುಟ್ಟುತ್ತಲ್ಲ ಅಂತ ಸಮಾಧಾನ ಮಾಡ್ಕೊಳ್ತಿದ್ದೆ. ಅವನ ಧ್ವನಿ ಕೇಳಬೇಕು ಅಂತ ಎಷ್ಟು ಆಸೆಯಿತ್ತು ಅಂದ್ರೆ, ಅವನು ಬೈದಿದ್ರೂ ನನಗೆ ಸಾಕಾಗ್ತಿತ್ತು.

ಹೋದ ವಾರ ಪಾದ್ರಿಗಳ ಗಂಟಲು ಕಟ್ಟಿತ್ತು. ಎರಡೆರಡು ಆರಾಧನೆ ನಡೆಸೋಕಾಗಲ್ಲ, ಎಲ್ಲರೂ ಬೆಳಿಗ್ಗೆನೇ ಬನ್ನಿ ಅಂತ ಹೇಳಿ ಕಳಿಸಿದ್ರು. ಹೋದೆ. ಬೆಂಚುಗಳೆಲ್ಲ ಕಿಕ್ಕಿರಿದು ತುಂಬಿದ್ದವು. ಅಣ್ಣ ನನಗಿಂತ ನಾಲ್ಕೈದು ಸಾಲು ಮುಂದೆ ಕೂತಿದ್ದ. ಕತ್ತಿನ ಹಿಂದೆ ಕೂದಲೆಲ್ಲ ಬೆಳ್ಳಗಾಗಿತ್ತು. ಯಾವಾಗ ಇಷ್ಟು ಮುದುಕನಾದ ಇವನು ಅಂತ ಸಂಕಟ ಆಯ್ತು.

ರೊಟ್ಟಿ ಮುರಿಯೋ ಹೊತ್ತು ಬಂತು. ಬೆಂಚು ಬೆಂಚೇ ಖಾಲಿ ಆಗ್ತಾ ಬಂತು. ಅಣ್ಣನ ಸಾಲಿನವರೂ ಎದ್ದರು. ಇವನೊಬ್ಬ ಮೊಣಕಾಲು ಪಕ್ಕಕ್ಕೆ ಮಾಡಿ ಎಲ್ಲರಿಗೂ ದಾರಿ ಬಿಟ್ಟ, ಮತ್ತೆ ನೆಟ್ಟಗೆ ಕೂತ. ಕಾಲು ನೋವೇನೋ ಅಂದ್ಕೊಂಡೆ. ವಾರ ವಾರ ಬೆಳಗಿನ ಆರಾಧನೆಗೇ ಬರೋ ನಮ್ಮೂರ ದಾದಿಯಮ್ಮ ಸಾಲಿಗೆ ಹೊರಟು ನನ್ನ ಪಕ್ಕ ಬಂದಾಗ ಮೆಲ್ಲಗೆ ಕೇಳಿದೆ, “ಅಣ್ಣನಿಗೆ ಹುಷಾರಿಲ್ವಾ?”

“ಅವರು ಯಾವತ್ತೂ ಏಳಲ್ಲಪ್ಪ,” ಅಂದರು ಆಕೆ. “ನಿಮ್ಮಮ್ಮ ಹೋದಾಗಿನಿಂದ ಹಾಗೇ ಕೂತಿರ್ತಾರೆ. ನಿನಗೆ ಗೊತ್ತಿಲ್ವಾ?”

ನನಗೆ ಹೇಗೆ ಗೊತ್ತಿರಬೇಕು? ವಾರ ವಾರ ನಾದಿದ್ದು, ಉಬ್ಬಿಸಿದ್ದು, ಸುಟ್ಟಿದ್ದು, ಒಂದು ತುಣುಕೂ ಅವನ ಬಾಯಿಗೆ ಹೋಗಿರಲಿಲ್ಲ.

ಇಡೀ ಚರ್ಚಿನ ಬೆಂಚುಗಳ ಮೇಲೆ ಉಳಿದಿದ್ದವರು ನಾವಿಬ್ಬರೇ. ಎದ್ದೆ. ಹೋಗಿ ಅವನ ಪಕ್ಕ ಕೂತೆ. ಅವನು ನನ್ನನ್ನ ನೋಡಿದ, ಆಮೇಲೆ ನನ್ನ ಬೆಂಚಿನ ಕಡೆ ತಿರುಗಿ ನೋಡಿದ.

“ನೀನೂ ಹೋಗಲ್ವಾ?” ಅಂದ.

“ಇಲ್ಲ. ಅಮ್ಮ ಬಿಡ್ತಿದ್ಳಾ?”

ಅವನ ಗದ್ದ ಅದುರೋಕೆ ಶುರುವಾಯ್ತು. “ಅವತ್ತು ಆ ಮಾತು ಆಡಬಾರದಿತ್ತು ಕಣೋ. ನೀನು ಅಂಗಡಿಗೆ ಬಂದಾಗ ತಲೆ ಎತ್ತೋಕೆ ಮುಖ ಇರಲಿಲ್ಲ.”

ಅಷ್ಟರಲ್ಲಿ ಪಾದ್ರಿಗಳು ರೊಟ್ಟಿ ತಟ್ಟೆಗೆ ಬಟ್ಟೆ ಮುಚ್ಚಿ, ಒಡಕು ಗಂಟಲಲ್ಲಿ ಕಡೆಯ ಪ್ರಾರ್ಥನೆ ಶುರು ಮಾಡಿಬಿಟ್ಟರು. ಪಾಪ, ಅವರದೇನೂ ತಪ್ಪಿಲ್ಲ. ನಾವಿಬ್ಬರೂ ಏಳೋರಲ್ಲ ಅಂತ ಅವರಿಗೆ ರೂಢಿಯಾಗಿ ಹೋಗಿತ್ತು.

“ತಪ್ಪಿ ಹೋಯ್ತಲ್ಲೋ,” ಅಂದೆ.

ಅಣ್ಣ ಅಂಗಿ ತೋಳಲ್ಲಿ ಕಣ್ಣು ಒರೆಸ್ಕೊಂಡ. ಆಮೇಲೆ ಕೇಳಿದ, “ನಿಮ್ಮನೇಲಿ ಇವತ್ತು ಊಟಕ್ಕೆ ಏನು ಮಾಡಿದ್ದೀರಿ?”

ನಾನಿನ್ನೂ ಬಟ್ಟೆ ಮುಚ್ಚಿದ ಆ ತಟ್ಟೆ ಕಡೆಗೇ ನೋಡ್ತಿದ್ದೆ. ಅವನು ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದ.

“ಹೇಳೋ. ಹಸಿವಾಗಿದೆ.”