ಹತ್ತಿರದ ನಂಬರ್

ಮೂಗಿನ ಮೇಲೆ ಕೂತ ಪರೀಕ್ಷೆಯ ಚೌಕಟ್ಟು ತಣ್ಣಗಿದೆ, ಎಡಗಣ್ಣಿಗೆ ಕಪ್ಪು ಬಿಲ್ಲೆ, ಕನ್ನಡಕದಂಗಡಿಯವರು ಕಾರ್ಡ್ ಹಿಡಿದು ಓದಿ ಅನ್ನುತ್ತಾರೆ, ಕೊನೆಯ ಸಾಲು ಸಾಲೇ ಅಲ್ಲ, ಇರುವೆ ಹರಿದ ಜಾಡು, ಊಹಿಸಿ ಹೇಳುತ್ತೇನೆ, ಊಹಿಸುವುದು ಅಭ್ಯಾಸವಾಗಿಬಿಟ್ಟಿದೆ — ಮೇಜಿನ ಮೇಲೆ ನನ್ನ ಡೈವಿಂಗ್ ಮಾಸ್ಕ್ ಬೋರಲಾಗಿದೆ, ಇಡೀ ಗಾಜು ಬದಲಾಯಿಸೋದು ಒಂದು ದಾರಿ ಮೇಡಂ, ಇಲ್ಲಾ ಕೆಳಗೆ ಅರ್ಧಚಂದ್ರದ ಹಾಗೆ ಓದೋ ಲೆನ್ಸ್ ಅಂಟಿಸೋದು, ದೂರದ್ದು ಚೆನ್ನಾಗೇ ಇದೆಯಲ್ಲ, ಗೇಜ್ ನೋಡೋಕಷ್ಟೇ ತಾನೇ, ಹೌದು, ಗೇಜ್ ನೋಡೋಕಷ್ಟೇ, ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ಹೇಳುವ ಒಂದು ಗುಂಡು ಡಯಲ್, ಒಂದು ಮುಳ್ಳು — ಪಕ್ಕದ ಕುರ್ಚಿಯಲ್ಲಿ ತಮ್ಮನ ಹೆಂಡತಿ ನನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ, ತಮ್ಮ ಹೋಗಿ ನಾಲ್ಕು ತಿಂಗಳು, ಅತ್ತಿಗೆ, ಮತ್ತೆ ಇಳಿಯೋದಾದ್ರೆ ಎಲ್ಲಾ ಸರಿ ಮಾಡಿಸ್ಕೊಂಡೇ ಇಳೀರಿ ಎಂದು ಅವಳೇ ಎಳೆದುಕೊಂಡು ಬಂದದ್ದು, ಗೇಜ್ ಕೈಕೊಟ್ಟಿತು ಎಂದು ನಂಬಿದ್ದಾಳೆ, ಅಪಘಾತದ ವರದಿಯಲ್ಲಿ ಕೈಕೊಟ್ಟಿರಬಹುದು ಎಂದು ಬರೆದವಳು ನಾನು.

ನೀರಿನಲ್ಲಿ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ವಕ್ರೀಭವನದ ಸರಳ ಲೆಕ್ಕ, ಹಾಗಾಗಿ ನನಗೆ ಓದುವ ಲೆನ್ಸ್ ಬೇಡ ಎಂದು ತೀರ್ಮಾನಿಸಿದ್ದೆ, ಮಸುಕೂ ಮೂರನೇ ಒಂದು ಪಾಲು ದೊಡ್ಡದಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ — ಇಪ್ಪತ್ತೆಂಟು ಮೀಟರ್ ಕೆಳಗೆ ಕೆಂಪು ಕೆಂಪಾಗಿರುವುದಿಲ್ಲ, ಡಯಲಿನಲ್ಲಿ ಐವತ್ತರ ಕೆಳಗಿನ ಅಪಾಯದ ಪಟ್ಟಿ ಬೂದು ಬಣ್ಣಕ್ಕೆ ತಿರುಗಿತ್ತು, ಮುಳ್ಳು ಹತ್ತಿಯ ಹಾಗೆ ಉಬ್ಬಿತ್ತು, ಎಂಬತ್ತು ಎಂದುಕೊಂಡೆ, ಗಾಳಿ ಸಾಕಷ್ಟಿದೆಯಾ ಎಂದು ತಮ್ಮ ಕೈಸನ್ನೆಯಲ್ಲಿ ಕೇಳಿದ, ಬೆರಳು ಕೂಡಿಸಿ ಸರಿಯಾಗಿದೆ ಎಂದೆ, ಆಮೇಲೆ ಎಳೆದರೆ ಉಸಿರು ಬರಲಿಲ್ಲ, ಅವನ ಸಿಲಿಂಡರಿನಲ್ಲಿ ಇದ್ದದ್ದು ಒಬ್ಬರು ಮೇಲೆ ಬರುವಷ್ಟು, ತನ್ನ ಬಾಯಿಯಲ್ಲಿದ್ದ ಉಸಿರಿನ ಕೊಳವೆಯನ್ನೇ ತೆಗೆದು ನನ್ನ ಬಾಯಿಗಿಟ್ಟ, ಅದೇ ಗಾಳಿಯಲ್ಲಿ ನಾನು ಮೇಲೆ ಬಂದೆ.

ಯಾವಾಗಿಂದ ಮೇಡಂ ಹತ್ತಿರದ್ದು ಕಾಣ್ತಿಲ್ಲ, ಈಚೆಗೆ, ಅನ್ನುತ್ತೇನೆ, ಪ್ಲಸ್ ಎರಡು ನಂಬರ್ ಈಚೆಗೆ ಬಂದದ್ದಲ್ಲ ಬಿಡಿ, ಮೂರ್ನಾಲ್ಕು ವರ್ಷದ್ದು, ಅನ್ನುತ್ತಾರೆ ಅಂಗಡಿಯವರು, ತಮ್ಮನ ಹೆಂಡತಿ ನಗುತ್ತಾಳೆ, ನಾಲ್ಕು ತಿಂಗಳಲ್ಲಿ ಮೊದಲ ಸಲ, ಇವರೆಲ್ಲಿ ಕೇಳ್ತಾರೆ, ನಮ್ಮನೆಯವರು ಹೇಳ್ತಾನೇ ಇದ್ರು, ಅಕ್ಕನಿಗೆ ಕನ್ನಡಕ ಮಾಡಿಸ್ಕೋ ಅಂದ್ರೆ ನೀರೇ ನನ್ನ ಭೂತಗನ್ನಡಿ ಕಣೋ ಅಂತಾಳೆ, ಆ ಗೇಜನ್ನಾದ್ರೂ ಹೇಗೆ ಓದ್ತಾಳೋ — ಮಡಿಲಲ್ಲಿದ್ದ ಚೀಲದ ಪಟ್ಟಿಯನ್ನು ಸುತ್ತುತ್ತಿದ್ದ ಬೆರಳು ನಿಂತವು, ಚೌಕಟ್ಟಿಗೆ ಇನ್ನೊಂದು ಗಾಜು ಟಿಕ್ಕೆಂದು ಬಿತ್ತು, ಇರುವೆಗಳು ಅಕ್ಷರಗಳಾದವು, ಈಗ ಓದಿ ಮೇಡಂ, ಅತ್ತಿಗೆ, ಅವಳ ದನಿ ಬಹಳ ಮೆಲ್ಲಗೆ, ಅತ್ತಿಗೆ, ಆವತ್ತು ನಿಮಗೆ ಕಾಣ್ತಿತ್ತಾ, ನಾನು ತಿರುಗುವುದಿಲ್ಲ, ಕಾರ್ಡನ್ನೇ ನೋಡುತ್ತೇನೆ, ಕಾರ್ಡಿನಲ್ಲಿ ಅಕ್ಷರಗಳಿಲ್ಲ, ಮುಳ್ಳು, ಕೂದಲೆಳೆಯಷ್ಟು ತೆಳ್ಳಗೆ, ಬೂದು ಪಟ್ಟಿಯೊಳಗೆ, ಓದಿ ಮೇಡಂ, ಮುಳ್ಳು, ಮೂವತ್ತು, ಮೂವತ್ತರ ಮೇಲೆ ಮುಳ್ಳು