ಅಕ್ಕ ಕೂರಲಿಲ್ಲ

"ಏ ಗಬ್ಬುನಾತದವಳೇ, ಸದಸ್ಯರು ಬರೋ ಹೊತ್ತಾಯ್ತು, ಬಕೆಟ್ ಎತ್ಕೊಂಡು ಸಾಯಿ ಅತ್ಲಾಗೆ!" ಎಂದು ಮಾರ್ಷಲ್ ನನ್ನ ಬಕೆಟ್ಟಿಗೆ ಬೂಟುಗಾಲಿನಿಂದ ಒದ್ದ. ಒರೆಸಿದ ನೆಲದ ಮೇಲೆಲ್ಲ ಕೊಳೆನೀರು ಹರಿಯಿತು. ಶಾಸನಸಭೆಯ ನೆಲ ಒರೆಸುವ ಕೆಲಸ ನನ್ನದು. ಮತ್ತೆ ಮಂಡಿಯೂರಿದೆ.

ಅಷ್ಟರಲ್ಲಿ ಅಕ್ಕ ಬಂದಳು. "ಲೋ ಬೇವರ್ಸಿ, ಆ ನೀರಲ್ಲಿ ಮಂತ್ರಿ ಜಾರಿ ಬಿದ್ರೆ ಹೋಗೋದು ನಿನ್ನ ನೌಕರಿ" ಎಂದು ನಗುತ್ತ ದಾಟಿ ಹೋದಳು. ಮಾರ್ಷಲ್ ಹಲ್ಲು ಕಚ್ಚಿಕೊಂಡು ಸಲಾಮು ಹೊಡೆದ. ಹೊಡೆಯಲೇಬೇಕು. ಹತ್ತು ವರ್ಷ ಬೀದಿ ಗುಡಿಸಿ, ನಮ್ಮ ಕೇರಿಯ ಓಟಿನಿಂದ ಗೆದ್ದು ಬಂದ ಸದಸ್ಯೆ ಅವಳು.

ಅವತ್ತು ಸಂಜೆ ಐದಕ್ಕೆ ಸಭೆಯ ಅವಧಿಯೇ ಮುಗಿದು ಚುನಾವಣೆ ಬರುವುದಿತ್ತು. ಅಷ್ಟರೊಳಗೆ ಪಾಸಾಗದ ಮಸೂದೆ ಬಿದ್ದುಹೋದಂತೆ. ಮಂತ್ರಿಯ ಕೈಯಲ್ಲಿದ್ದದ್ದು ಪುಟ್ಟ ತಿದ್ದುಪಡಿ: ಚರಂಡಿ ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಎಂಬ ಕಾನೂನಿಗೆ "ತುರ್ತು ಸಂದರ್ಭ ಹೊರತು" ಎಂದು ಸೇರಿಸುವುದು. ಕಟ್ಟಿಕೊಂಡ ಗುಂಡಿ ಯಾವುದು ತಾನೇ ತುರ್ತಲ್ಲ? ಆ ಕಾನೂನು ಬರುವ ಹಿಂದಿನ ವರ್ಷವೇ ನನ್ನ ಭಾವ, ಅಕ್ಕನ ಗಂಡ, ಆಸ್ಪತ್ರೆ ಹಿಂದಿನ ಗುಂಡಿಗೆ ಇಳಿದು ಹೆಣವಾಗಿದ್ದ.

ಮಂತ್ರಿಯ ಕಡೆ ನೂರಿಪ್ಪತ್ತು ಕೈ, ಅಕ್ಕನ ಕಡೆ ಹನ್ನೊಂದು. ಆದರೆ ಅಲ್ಲೊಂದು ಹಳೆಯ ನಿಯಮವಿತ್ತು. ಎದ್ದು ನಿಂತ ಸದಸ್ಯರು ವಿಷಯ ಬಿಡದೆ ಮಾತಾಡುತ್ತಿರುವಷ್ಟು ಹೊತ್ತು ಯಾರೂ ಕೂರಿಸುವಂತಿಲ್ಲ. ತಾವಾಗಿ ಕೂತರೆ ಮುಗಿಯಿತು. ಹಿಂದಿನ ವರ್ಷ ನಮಗೆ ಕೈಗವಸು ಕೊಡಿಸುವ ಮಸೂದೆಯನ್ನು ಗುತ್ತಿಗೆದಾರರ ಕಡೆಯವನೊಬ್ಬ ಹೀಗೇ ಮಾತಾಡಿ ಮಾತಾಡಿ ಕೊಂದಿದ್ದ. ಮಂತ್ರಿಯ ಕಡೆಯವರು ಮೇಜು ಕುಟ್ಟಿ ನಕ್ಕಿದ್ದರು. ಅಕ್ಕ ಸುಮ್ಮನೆ ಕೂತು ಕಲಿತಿದ್ದಳು.

ಬೆಳಿಗ್ಗೆ ಹನ್ನೊಂದು ಗಂಟೆಗೆ ಎದ್ದಳು. "ಊರಲ್ಲಿರೋ ಗುಂಡಿಗಳನ್ನ ಒಂದೊಂದಾಗಿ ಹೇಳ್ತೀನಿ ಸ್ವಾಮಿ. ಮೊದಲನೇದು ರೈಲ್ವೆ ಸ್ಟೇಷನ್ ಎದುರಿಂದು. ಹನ್ನೆರಡು ಅಡಿ. ಮುಚ್ಚಳ ಎತ್ತಿದ್ರೆ ಮೊದಲು ಜಿರಲೆ ಬರತ್ತೆ, ಆಮೇಲೆ ಕಣ್ಣಲ್ಲಿ ನೀರು..."

ಕಂಬ ಒರೆಸುವ ನೆಪದಲ್ಲಿ ನಾನು ಅಲ್ಲೇ ಉಳಿದೆ. ಅವಳ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಊರಿನ ಅಡಿಭಾಗವೆಲ್ಲ ಬಾಯಿಪಾಠ.

"ಊಟದ ಹೊತ್ತು ಕಣಮ್ಮ, ವಾಂತಿ ಬರತ್ತೆ!" ಎಂದು ಒಬ್ಬ ಕರವಸ್ತ್ರ ಮೂಗಿಗೊತ್ತಿಕೊಂಡ.

"ನೀವು ಉಂಡಿದ್ದೇ ಸ್ವಾಮಿ ನಾಳೆ ಅಲ್ಲಿಗೆ ಬರೋದು."

"ವಿಷಯಕ್ಕೆ ಬನ್ನಿ" ಎಂದರು ಸಭಾಧ್ಯಕ್ಷರು.

"ವಿಷಯದೊಳಗೇ ಇದೀನಿ, ಕುತ್ತಿಗೆವರೆಗೆ."

ಸಭಾಧ್ಯಕ್ಷರೇ ನಗು ತಡೆಯಲಾರದೆ ಕಡತದಲ್ಲಿ ಮುಖ ಮುಚ್ಚಿಕೊಂಡರು.

"ನಲವತ್ಮೂರನೇದು ಮಂತ್ರಿಗಳ ಮನೆ ಮುಂದಿಂದು. ಅಲ್ಲಿ ನಮ್ಮೆಜಮಾನ್ರಿಗೆ ಒಂದು ಹಲ್ಲುಸೆಟ್ಟು ಸಿಕ್ತು. ತೊಳೆದು ತಗೊಂಡೋಗಿ ಕೊಟ್ರು. ಮಂತ್ರಿಗಳ ತಾಯಿ ಇಸ್ಕೊಂಡ್ರು, 'ಗೇಟಿನ ಹೊರಗೇ ನಿಂತ್ಕೋ' ಅಂತ ಬೈದ್ರು. ಬಾಯಲ್ಲಿ ಹಲ್ಲಿರ್ಲಿಲ್ಲ ಪಾಪ, ಬೈಗುಳ ಅರ್ಥ ಆಗೋಕೆ ಹೊತ್ತು ಹಿಡೀತು."

ಸಭೆ ಗೊಳ್ಳೆಂದಿತು. ಮಂತ್ರಿ ಕೆಂಪಗಾಗಿ ಎದ್ದ. "ನಮ್ಮಮ್ಮನ ಸುದ್ದಿಗೆ ಬರ್ಬೇಡ! ಒಬ್ಬಳು ನೂರಿಪ್ಪತ್ತು ಜನರನ್ನ ಕಟ್ಟಿಹಾಕೋದು ಯಾವ ಸೀಮೆ ಪ್ರಜಾಪ್ರಭುತ್ವ?"

"ನೂರಿಪ್ಪತ್ತು ಕೈ ಎತ್ತೋಕೆ ಒಂದು ನಿಮಿಷ ಸಾಕು ಸ್ವಾಮಿ. ಗುಂಡಿಯೊಳಗೆ ಒಬ್ಬ ಸಾಯೋಕೂ ಅಷ್ಟೇ ಸಾಕು. ಮಧ್ಯೆ ಒಂದಿಷ್ಟು ಹೊತ್ತು ಕೇಳಿಸ್ಕೊಳ್ಳಿ ಅಂತಿದೀನಿ. ಗೆಲ್ಲೋದಿದ್ರೆ ಕೇಳಿಸ್ಕೊಂಡು ಗೆಲ್ಲಿ."

ಮೂರೂವರೆಗೆ ಅವಳ ದನಿ ಒಡೆಯಿತು. ಕಾಲು ಊದಿ ಚಪ್ಪಲಿ ಕಳಚಿದ್ದಳು. ನೀರು ಕೊಡಬೇಡಿ ಎಂದು ಮಾರ್ಷಲ್ ಕಣ್ಣಲ್ಲೇ ಜವಾನರಿಗೆ ಹೇಳಿದ. ಸಭೆ ನಡೆಯುವಾಗ ಸದಸ್ಯರು ಕೂರುವ ಕಟಕಟೆಯ ಒಳಗೆ ನಾವು ಕಾಲಿಡುವಂತಿಲ್ಲ. ನನಗೇನಾಯಿತೋ, ಮೇಜಿನ ಮೇಲಿದ್ದ ಲೋಟ ತುಂಬಿಕೊಂಡು ಒಳಗೆ ನಡೆದೇಬಿಟ್ಟೆ. ಮಾರ್ಷಲ್ ರಟ್ಟೆ ಹಿಡಿದ.

"ಅದು ಸದಸ್ಯರ ಲೋಟ ಕಣೇ, ಮುಂಡೆ!"

"ಸದಸ್ಯೆಗೇ ಕೊಡ್ತಿರೋದು, ಬಿಡು."

ಎಲ್ಲರೂ ನೋಡುತ್ತಿದ್ದರು. ಬಿಟ್ಟ. ಅಕ್ಕ ನಿಂತೇ ಗಟಗಟ ಕುಡಿದು, "ಎಪ್ಪತ್ತೊಂದನೇದು, ಮಾರ್ಕೆಟ್ ಹಿಂದಿಂದು" ಎಂದು ಶುರುಮಾಡಿದಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಆಸ್ಪತ್ರೆ ಹಿಂದಿನ ಗುಂಡಿ ಬಂತು. ಅಲ್ಲಿ ತಮಾಷೆ ಮಾಡಲಿಲ್ಲ. ಭಾವ ಅವತ್ತು ಯಾವ ಅಂಗಿ ಹಾಕಿದ್ದ, ಎಷ್ಟು ಸಲ ಕೂಗಿದ, ಯಾವಾಗ ಕೂಗುವುದು ನಿಂತಿತು ಎಂದು ಮೆಲ್ಲಗೆ ಹೇಳಿದಳು. ಕರವಸ್ತ್ರಗಳು ಮೂಗಿನಿಂದ ಇಳಿದಿದ್ದವು. ಐದರ ಗಂಟೆ ಹೊಡೆಯಿತು. ಮಸೂದೆ ಬಿತ್ತು. ಮಂತ್ರಿ ಹೋಗುತ್ತ, "ಗೆದ್ದು ಬಂದು ಮತ್ತೆ ತರ್ತೀನಿ" ಎಂದ.

"ತನ್ನಿ. ಇನ್ನೂ ಇನ್ನೂರು ಗುಂಡಿ ಹೇಳೋದು ಬಾಕಿ ಇದೆ" ಎಂದಳು ಅಕ್ಕ. ಮನೆವರೆಗೂ ನನ್ನ ಹೆಗಲ ಮೇಲೆ ಭಾರ ಬಿಟ್ಟುಕೊಂಡೇ ಬಂದಳು.

ಮರುದಿನ ಬೆಳಿಗ್ಗೆ ಗುತ್ತಿಗೆದಾರನ ಮೇಸ್ತ್ರಿ ಹಗ್ಗ ಹಿಡಿದು, ಚರಂಡಿ ಕೆಲಸದ ನನ್ನ ಗಂಡನನ್ನು ಕರೆಯಲು ನಮ್ಮ ಬಾಗಿಲಿಗೆ ಬಂದ. ಸಿನಿಮಾ ಟಾಕೀಸಿನ ಮುಂದೆ ಚರಂಡಿ ಉಕ್ಕಿ ಹರಿಯುತ್ತಿತ್ತಂತೆ. ಹೋದೆವು. ಕೇರಿಯವರೂ ಬಂದರು.

"ಇಳಿಯೋ ಬೋಳಿಮಗನೇ, ತುರ್ತಿದೆ" ಎಂದು ಮೇಸ್ತ್ರಿ ನನ್ನ ಗಂಡನತ್ತ ಹಗ್ಗ ಎಸೆದ.

ನನ್ನ ಗಂಡ ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಹಗ್ಗ ಎತ್ತಿಕೊಂಡ. ನಿಧಾನವಾಗಿ ಕುಣಿಕೆ ಹಾಕಿದ. ಅದನ್ನು ಮೇಸ್ತ್ರಿಯ ಸೊಂಟಕ್ಕೆ ಅಳತೆ ಹಿಡಿದು ನೋಡಿದ.

"ಇಳೀರಿ ಅಣ್ಣ. ಹೆದರ್ಬೇಡಿ, ಮೇಲೆ ನಾನು ಹಿಡ್ಕೊಂಡಿರ್ತೀನಿ."