ಖಾಲಿ ಹೊಟ್ಟೆಯ ಸ್ಕ್ಯಾನಿಂಗ್

ಸ್ಕ್ಯಾನಿಂಗ್ ಮೇಜಿನ ಮೇಲೆ ಅಂಗಾತ ಮಲಗಿದ್ದ ಗುಬ್ಬಿ ಡರ್ರನೆ ತೇಗಿದಳು. ಅವಳ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ಯಂತ್ರ ಆಡಿಸುತ್ತಿದ್ದ ಟೆಕ್ನಿಷಿಯನ್ ಕೈ ನಿಲ್ಲಿಸಿದಳು. ಪರದೆಯ ತುಂಬಾ ಬರೀ ಮಬ್ಬು.

"ಏನಾದ್ರೂ ತಿಂದ್ಯಾ ಪುಟ್ಟಿ?"

"ತಿಂದಿಲ್ಲ. ಅಪ್ಪ ಸೋಡಾ ಕುಡಿಸಿದ್ರು," ಎಂದಳು ಗುಬ್ಬಿ, ಬಲು ಪ್ರಾಮಾಣಿಕವಾಗಿ.

ಪಕ್ಕದಲ್ಲಿ ನಿಂತಿದ್ದ ತಾಯಿಗೆ ಮೈಯೆಲ್ಲಾ ಉರಿದುಹೋಯಿತು. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆಕೆ, ಗಿರಾಕಿಗಳಿಗೆಲ್ಲ ನಾಳೆ ಬನ್ನಿ ಎಂದು ಹೇಳಿ ಅಂಗಡಿ ಮುಚ್ಚಿ ಬಂದಿದ್ದಳು. ಹೋದ ಸಲ ಬನ್ನು, ಈ ಸಲ ಸೋಡಾ. ಹೋದ ಸಲ "ಮಗು ಹಸಿವು ಅಂತ ಅಳ್ತಿತ್ತು ಕಣೇ" ಎಂದಿದ್ದ ಗಂಡನ ಮಾತನ್ನು ನಂಬಿ ಸುಮ್ಮನಾಗಿದ್ದಳು, ಪೆದ್ದಿ.

ದೊಡ್ಡ ಮಗಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದೇ ಅವಳು ಶಾಲೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದ ಮೇಲೆ. ಅದಕ್ಕೆ ಮುಂಚೆ ಹುಡುಗಿ ಒಂದೇ ಸಮನೆ ನೀರು ಕುಡಿಯುತ್ತಿದ್ದಳು, ಕಡ್ಡಿಯಂತಾಗಿದ್ದಳು. ಬೆಳೆಯೋ ಮಕ್ಕಳು ಹಾಗೇ ಎಂದು ಮನೆಯವರು ತಳ್ಳಿಹಾಕಿದ್ದರು. ಅಂಥ ಮಕ್ಕಳ ತಮ್ಮ ತಂಗಿಯರನ್ನು ಈ ಆಸ್ಪತ್ರೆಯಲ್ಲಿ ಹೊಸ ಬಗೆಯಲ್ಲಿ ಪರೀಕ್ಷಿಸುತ್ತಿದ್ದರು. ಹೊಟ್ಟೆ ಕುಯ್ಯುವ ಮಾತೇ ಇಲ್ಲ. ರಕ್ತನಾಳಕ್ಕೆ ಕಣ್ಣಿಗೆ ಕಾಣದ ಗುಳ್ಳೆಗಳ ಔಷಧಿ ಬಿಟ್ಟು, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆಯೆಂದು ಹೊರಗಿನಿಂದಲೇ ನೋಡುವುದು. "ಇದಿನ್ನೂ ಸಂಶೋಧನೆ ಅಮ್ಮ, ಖಚಿತ ಅಂತ ಹೇಳಲ್ಲ. ಆದ್ರೆ ಸಕ್ಕರೆ ಏರೋಕೆ ಮುಂಚೇನೇ ಸುಳಿವು ಸಿಗಬಹುದು," ಎಂದಿದ್ದರು ಡಾಕ್ಟರು. ಆ ಗ್ರಂಥಿಯೋ ಜಠರದ ಹಿಂದೆ ಅಡಗಿ ಕೂತಿರುವಂಥದ್ದು. ಹೊಟ್ಟೆಯಲ್ಲಿ ಗಾಳಿ ತುಂಬಿದರೆ ಮುಗಿಯಿತು, ಏನೂ ಕಾಣುವುದಿಲ್ಲ.

ಟೈಲರಮ್ಮ ದಡದಡನೆ ಹೊರಗೆ ಬಂದಳು. ಗಂಡ ದೊಡ್ಡವಳ ಜೊತೆ ಬೆಂಚಿನ ಮೇಲೆ ಕೂತಿದ್ದ.

"ಬೇಕಂತಲೇ ಕುಡಿಸಿದ್ರಿ, ಅಲ್ವಾ?"

ಅವನು ನೆಲ ನೋಡಿದ. "ಗೊತ್ತಾಗಿ ಏನ್ ಮಾಡ್ಬೇಕು ಹೇಳು. ಇವಳಿಗೂ ಇದೆ ಅಂದ್ರೆ ತಡ್ಕೊಳ್ಳೋ ಶಕ್ತಿ ನನಗಿಲ್ಲ."

"ನೀವು ತಿಳ್ಕೊಳ್ಳದಿದ್ರೆ ಬರೋ ಕಾಯಿಲೆ ವಾಪಸ್ ಹೋಗುತ್ತಾ? ದೊಡ್ಡವಳ ವಿಷಯದಲ್ಲಿ ಕಣ್ಮುಚ್ಕೊಂಡು ಕೂತಿದ್ದು ಸಾಲದಾ ನಿಮಗೆ?"

ಅಕ್ಕಪಕ್ಕದವರು ತಿರುಗಿ ನೋಡಿದರು. ನೋಡಿದರೆ ನೋಡಲಿ. ಈ ಮನುಷ್ಯ ವೆಲ್ಡರ್, ದಿನವಿಡೀ ಬೆಂಕಿಯ ಕಿಡಿಗಳ ಮುಂದೆ ನಿಲ್ಲುವವನು. ಮನೆಯಲ್ಲಿ ಇನ್ಸುಲಿನ್ ಪೆನ್ನು ಹೊರಬಂದರೆ ಮಾತ್ರ ಇವನಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ: ನಲ್ಲಿ ಸೋರುತ್ತಿದೆ, ಗೇಟು ಹಾಕಿಲ್ಲ, ಯಾರೋ ಕರೆದ ಹಾಗಾಯಿತು. ಮಗಳಿಗೆ ಒಂದು ದಿನವೂ ಇವನು ಸೂಜಿ ಚುಚ್ಚಿದ್ದಿಲ್ಲ.

ದೊಡ್ಡವಳ ಊಟದ ಹೊತ್ತಾಗಿತ್ತು. ಟೈಲರಮ್ಮ ಅವಳ ಬೆರಳಿನ ರಕ್ತ ಪರೀಕ್ಷಿಸಿದಳು, ಪೆನ್ನಿಗೆ ಸೂಜಿ ಸಿಕ್ಕಿಸಿ ಅಳತೆ ತಿರುಗಿಸಿದಳು, ಗಂಡನ ಕೈಗೆ ತುರುಕಿದಳು.

"ಇವತ್ತು ನೀವು."

"ನನ್ನ ಕೈ ನಡುಗುತ್ತೆ ಕಣೇ."

"ನಂದೂ ನಡುಗ್ತಿತ್ತು. ನೋಡೋಕೆ ನೀವು ಅಲ್ಲಿ ಇರಲಿಲ್ಲ."

ದೊಡ್ಡವಳು ಗೋಡೆಯ ಕಡೆ ತಿರುಗಿ ಕೂತು ಅಂಗಿಯ ಅಂಚನ್ನು ಎತ್ತಿ ಹಿಡಿದಳು. ಅವನು ಸೂಜಿಯನ್ನು ಹತ್ತಿರ ತಂದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಅಪ್ಪಾ, ಕಣ್ಣು ಬಿಟ್ಕೊಂಡು ಚುಚ್ಚಿ," ಎಂದಳು ಮಗಳು. "ಎಲ್ಲೆಲ್ಲೋ ಚುಚ್ಚಿದ್ರೆ ಜಾಸ್ತಿ ನೋಯುತ್ತೆ."

ಕಣ್ಣು ಬಿಟ್ಟ. ಮಗಳ ಹೊಟ್ಟೆಯ ಮೇಲೆ ಸಣ್ಣ ಸಣ್ಣ ಕಲೆಗಳು, ಕೆಲವು ಹಳೆಯವು, ಕೆಲವು ಇನ್ನೂ ನೀಲಿಗಟ್ಟಿದವು.

"ಇಷ್ಟೊಂದಾ?" ಎಂದ. ಕಲೆಯಿಲ್ಲದ ಜಾಗ ಹುಡುಕಿ ಚುಚ್ಚಿದ. ಸೂಜಿ ಹೊರಬರುವವರೆಗೂ ನೋಡುತ್ತಲೇ ಇದ್ದ.

ಆಮೇಲೆ ಎದ್ದು ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ಹೋದ. "ಇನ್ನೊಂದು ದಿನ ಕೊಡಿ ಮೇಡಂ. ಚಿಕ್ಕವಳನ್ನ ನಾನೇ ಕರ್ಕೊಂಡು ಬರ್ತೀನಿ."

"ಖಾಲಿ ಹೊಟ್ಟೇಲಿ," ಎಂದಳು ಟೈಲರಮ್ಮ ಹಿಂದಿನಿಂದ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಖಾಲಿ ಹೊಟ್ಟೇಲಿ," ಎಂದು ಅವನೂ ಹೇಳಿದ.